ದೊಡ್ಡವರ ಟೀಮಿಗೆ ಹೋದ ಬಲಗಾಲಿನ ಬೂಟು

ನಾನು ಒಂದು ಬೂಟು. ಬಲಗಾಲಿನದು. ನನ್ನ ಜೊತೆಗಾರ ಎಡಗಾಲಿನವನು ಈಗಲೂ ಪಕ್ಕದಲ್ಲೇ ಮಲಗಿದ್ದಾನೆ, ಆದರೆ ಅವನದು ಮೊದಲಿನಿಂದಲೂ ಮಾತು ಕಡಿಮೆ. ಚೆಂಡು ಒದೆಯುವ ಕೆಲಸ ಹೆಚ್ಚಾಗಿ ನನ್ನದು, ನೆಲಕ್ಕೆ ಊರಿ ನಿಲ್ಲುವ ಕೆಲಸ ಅವನದು. ಹಾಗಾಗಿ ಕಥೆ ಹೇಳುವ ಹೊರೆಯೂ ನನಗೇ ಬಂತು.

ನಾನು ಹುಟ್ಟಿದ್ದು ದೂರದ ಉತ್ತರದ ಒಂದು ಊರಿನಲ್ಲಿ, ತಗಡಿನ ಸೂರಿನ ಕಾರ್ಖಾನೆಯಲ್ಲಿ. ರೆಕ್ಸಿನ್ ಹಾಳೆಯಿಂದ ನನ್ನ ಮೈ ಕತ್ತರಿಸಿದರು. ಪಾದದ ಆಕಾರದ ಒಂದು ಅಚ್ಚನ್ನು ಒಳಗೆ ತುರುಕಿ, ಅದರ ಮೇಲೆ ನನ್ನನ್ನು ಎಳೆದು ಬಿಗಿದು, ಅಂಟು ಬಳಿದು, ಹಲ್ಲುಹಲ್ಲಾದ ಅಟ್ಟೆಗೆ ಒತ್ತಿ ಇಟ್ಟರು. ನನ್ನೊಳಗೆ ಮೊದಲು ಹೊಕ್ಕ ಪಾದ ಅದು. ಅದಕ್ಕೆ ಬೆರಳುಗಳಿರಲಿಲ್ಲ, ಬೆವರು ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. ಪಾದ ಎಂದರೆ ಇಷ್ಟೇ ಎಂದು ತಿಳಿದುಕೊಂಡೇ ನಾನು ಪೆಟ್ಟಿಗೆ ಸೇರಿದೆ.

ಪೆಟ್ಟಿಗೆ ತೆರೆದಾಗ ನಾನು ಹುಬ್ಬಳ್ಳಿಯ ಬಜಾರಿನ ಒಂದು ಅಂಗಡಿಯಲ್ಲಿದ್ದೆ. ಎದುರಿಗೆ ಹನ್ನೆರಡಕ್ಕೆ ಇನ್ನೂ ಕಾಲಿಡದ ಒಬ್ಬ ಹುಡುಗಿ ಬರಿಗಾಲಲ್ಲಿ ಸ್ಟೂಲಿನ ಮೇಲೆ ಕುಳಿತಿದ್ದಳು. ಅವಳ ಹೆಸರು ಭಾಗೀರಥಿ, ಮನೆಯಲ್ಲಿ ಭಾಗಿ. ಪಕ್ಕದಲ್ಲಿ ನಿಂತಿದ್ದವಳು ಅವಳ ತಾಯಿ ಕಸ್ತೂರಿ, ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ಅಂಗಡಿಯವನು ಮೊದಲು ನಾಲ್ಕನೇ ನಂಬರಿನ ಜೋಡಿ ತೊಡಿಸಿದ. ಅದು ಭಾಗಿಯ ಕಾಲಿಗೆ ಅಳತೆ ತೆಗೆದು ಹೊಲಿದಂತೆ ಕೂತಿತು. ಕಸ್ತೂರಿ ಬಗ್ಗಿ ಬೂಟಿನ ಮೂತಿಯನ್ನು ಹೆಬ್ಬೆರಳಿಂದ ಒತ್ತಿ ನೋಡಿದಳು.

"ಇದು ಈಗಲೇ ಸರಿ ಆಗೈತಿ. ಬೆಳಿಯೂ ಹುಡುಗಿ ರೀ, ಐದು ಕೊಡ್ರಿ."

ಐದು ಅಂದರೆ ನಾವು. ಭಾಗಿ ನಮ್ಮೊಳಗೆ ಕಾಲಿಟ್ಟು ನಾಲ್ಕು ಹೆಜ್ಜೆ ನಡೆದಳು.

"ಯವ್ವಾ, ಒಳಗ ನನ್ನ ಕಾಲು ತಿರಗ್ಯಾಡಾಕತ್ತೈತಿ."

"ಮೂತಿಗೆ ಹತ್ತಿ ತುರಕೂಣಂತ. ಎರಡು ವರ್ಷ ನಿಶ್ಚಿಂತಿ."

ಅಂಗಡಿಯವನು ನಕ್ಕ. ದಿನವೂ ಇದನ್ನೇ ಕೇಳುವವನು ಅವನು. ಈ ಊರಿನಲ್ಲಿ ಮಕ್ಕಳ ಲಂಗ, ಯೂನಿಫಾರ್ಮು, ಚಪ್ಪಲಿ ಎಲ್ಲವೂ ಮುಂದಿನ ವರ್ಷದ ಮಗುವಿಗೆಂದೇ ಕೊಳ್ಳುವಂಥವು. ಈ ವರ್ಷದ ಮಗು ಅವುಗಳೊಳಗೆ ಹೇಗೋ ಹೊಂದಿಕೊಂಡು ಇರಬೇಕು. ಭಾಗಿಗೆ ಅದು ಅಭ್ಯಾಸವಾಗಿತ್ತು. ನನಗೆ ಹೊಸದು.

ಭಾಗಿಯ ಮನೆ ರೈಲ್ವೆ ಕ್ವಾರ್ಟರ್ಸಿನಲ್ಲಿತ್ತು. ತಂದೆ ಗೂಡ್ಸ್ ಗಾಡಿ ಓಡಿಸುವವನು, ಮನೆಯಲ್ಲಿದ್ದ ದಿನ ನಿದ್ದೆ ಮಾಡುವವನು. ಕ್ವಾರ್ಟರ್ಸಿನ ಹಿಂದೆ ಕೆಂಪು ಮಣ್ಣಿನ ಮೈದಾನ. ಅಲ್ಲಿ ಫಿಲೋಮಿನಾ ಮಿಸ್ ಸಂಜೆ ಹುಡುಗಿಯರಿಗೆ ಫುಟ್‌ಬಾಲ್ ಕಲಿಸುತ್ತಿದ್ದರು. ಒಂದು ಕಾಲಕ್ಕೆ ಸ್ವತಃ ಆಡಿದವರು, ಕೊರಳಲ್ಲಿ ಸೀಟಿ, ಹೆಗಲ ಮೇಲೆ ಟವೆಲು. ಮೈದಾನದ ಅರ್ಧದಲ್ಲಿ ಹದಿನಾಲ್ಕರೊಳಗಿನವರು, ಇನ್ನರ್ಧದಲ್ಲಿ ಹದಿನೇಳರೊಳಗಿನವರು. ನಡುವೆ ಸುಣ್ಣದ ಒಂದು ಗೆರೆ.

ಮೊದಲ ತಿಂಗಳುಗಳನ್ನು ನೆನೆದರೆ ಈಗಲೂ ನನ್ನ ಒಣಗಿದ ಮೈಗೆ ಹಿತವಾಗುತ್ತದೆ. ಭಾಗಿಯ ಪಾದ ನನ್ನೊಳಗೆ ಜಾರುತ್ತಿತ್ತು, ಹತ್ತಿ ಉಂಡೆಯಾಗಿ ಒಂದು ಮೂಲೆ ಸೇರುತ್ತಿತ್ತು, ಆದರೂ ಚೆಂಡು ಸಿಕ್ಕರೆ ಸಾಕು, ಅವಳು ಅದನ್ನು ಬಿಡುತ್ತಿರಲಿಲ್ಲ. ನನ್ನ ಒಳಮೈಯಿಂದ ತಟ್ಟಿ, ಹೊರಮೈಯಿಂದ ಎಳೆದು, ಅಟ್ಟೆಯಡಿ ಒಂದು ಗಳಿಗೆ ನಿಲ್ಲಿಸಿ, ಎದುರಿನವಳು ಮೋಸಹೋದಳೆಂದರೆ ನಗುತ್ತ ಓಡುವುದು. ನಗುವಾಗ ಅವಳ ಕಾಲ್ಬೆರಳುಗಳು ಅರಳುತ್ತಿದ್ದವು. ಹುಡುಗಿಯರು ಕಾಲಿನಿಂದಲೂ ನಗುತ್ತಾರೆ ಎಂಬುದು ನನ್ನಂಥವರಿಗೆ ಮಾತ್ರ ಗೊತ್ತಾಗುವ ಸಂಗತಿ.

ದಸರೆ ರಜೆ ಮುಗಿದ ಮೇಲೆ ಒಂದು ಸಂಜೆ ಫಿಲೋಮಿನಾ ಮಿಸ್ ಕಸ್ತೂರಿಯನ್ನು ಕರೆದರು. ಕಸ್ತೂರಿ ದಿನವೂ ಕೆಲಸ ಮುಗಿಸಿ ನೇರ ಮೈದಾನಕ್ಕೆ ಬಂದು ಕಂಪೌಂಡಿನ ಗೋಡೆಗೆ ಒರಗಿ ನಿಲ್ಲುವವಳು. ಮಗಳು ಬಿದ್ದರೆ ಅವಳ ವ್ಯಾನಿಟಿ ಬ್ಯಾಗಿನ ಗುಂಡಿ ಟಕ್ ಎಂದು ತೆರೆದು ಟಕ್ ಎಂದು ಮುಚ್ಚುವ ಸದ್ದು ನನಗೆ ಅಷ್ಟು ದೂರದಿಂದಲೂ ಕೇಳುತ್ತಿತ್ತು.

"ಅಕ್ಕಾರ, ನಾಳಿಯಿಂದ ಭಾಗಿನ್ನ ದೊಡ್ಡವರ ಕಡೆ ಹಾಕ್ತೀನಿ," ಅಂದರು ಮಿಸ್.

"ಹದಿನೇಳರವರ ಜೋಡಿ? ಅಕಿಗೆ ಈಗಷ್ಟ ಹನ್ನೆರಡು ತುಂಬ್ಯಾವ್ರಿ!"

"ಸಣ್ಣವರೊಳಗ ಅಕಿ ಏನೂ ಕಲಿಯೂದಿಲ್ಲ. ನಾಕು ಮಂದೀನ ದಾಟಿಸ್ತಾಳ, ನಗ್ತಾಳ, ಮನಿಗೆ ಹೋಗ್ತಾಳ."

"ನಗೂದು ತಪ್ಪೇನ್ರಿ?"

"ತಪ್ಪಲ್ಲ. ಅಷ್ಟ ಸಾಕಾಗೂದಿಲ್ಲ."

ಕಸ್ತೂರಿ ಇನ್ನೂ ಏನೋ ಹೇಳಲಿದ್ದಳು. ಆಗ ಮಿಸ್ ಅವರ ಕಣ್ಣು ನನ್ನ ಮೇಲೆ ಬಿತ್ತು. ಬಗ್ಗಿ, ನನ್ನ ಮೂತಿಯನ್ನು ಹೆಬ್ಬೆರಳಿಂದ ಒತ್ತಿದರು. ಒಳಗಿನ ಹತ್ತಿ ಮೆತ್ತಗೆ ಕುಸಿಯಿತು.

"ಬೂಟು ಒಂದು ಸೈಜ್ ದೊಡ್ಡದು ತಂದೀರಲ್ಲ ಅಕ್ಕಾರ, ಯಾಕ? ಬೆಳಿತಾಳ ಅಂತ, ಹೌದಲ್ರಿ? ನಾನೂ ಮತ್ತೇನು ಮಾಡಾಕತ್ತೀನಿ?"

ಕಸ್ತೂರಿ ಬೇಕಾದಷ್ಟು ಪುಸ್ತಕ ಓದಿದವಳು, ಮಾತಿಗೆ ತಡಕಾಡುವವಳಲ್ಲ; ಆದರೆ ಮಿಸ್ ನನ್ನನ್ನು ಸಾಕ್ಷಿಗೆ ಎಳೆದು ತಂದು ವಾದ ಗೆದ್ದರು. ಸಾಕ್ಷಿ ಏನು ಹೇಳುತ್ತದೆ ಎಂದು ಮಾತ್ರ ಯಾರೂ ಕೇಳಲಿಲ್ಲ. ಕೇಳಿದ್ದರೆ, ಒಳಗೆ ಕಾಲು ಜಾರುತ್ತದೆ, ತಿರುಗುವಾಗ ನಾನು ಒಂದು ಕಡೆ ಹೋಗುತ್ತೇನೆ ಕಾಲು ಇನ್ನೊಂದು ಕಡೆ ಹೋಗುತ್ತದೆ ಎಂದು ಹೇಳುತ್ತಿದ್ದೆ. ಬೂಟಿಗೆ ನಾಲಿಗೆ ಇದೆ, ದಾರ ಕಟ್ಟುವ ಕಡೆ; ಆದರೆ ಅದು ಆಡುವ ನಾಲಿಗೆಯಲ್ಲ.

ಮರುದಿನ ನಾವು ಸುಣ್ಣದ ಗೆರೆ ದಾಟಿದೆವು.

ಆ ಕಡೆಯ ಬೂಟುಗಳೇ ಬೇರೆ. ಭಾರ, ಉದ್ದ, ಮೈಮೇಲೆ ಗಾಯಗಳು. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡವು ಅಂಜುಮ್‌ಳವು. ಅಂಜುಮ್ ಬಲಬದಿಗೆ ಆಡುವ ಹುಡುಗಿ, ಹದಿನೈದು ವರ್ಷ, ಗಾಳಿಯಂಥ ಓಟ, ಬಾಯಿಗೆ ಬೀಗವಿಲ್ಲ. ಮೊದಲ ದಿನ ಭಾಗಿ ತನ್ನ ಹಳೆಯ ರೂಢಿಯಂತೆ ಚೆಂಡನ್ನು ಅಟ್ಟೆಯಡಿ ನಿಲ್ಲಿಸಿದಳು. ಮುಂದಿನ ಗಳಿಗೆಯಲ್ಲಿ ನಾನು ಆಕಾಶ ನೋಡುತ್ತಿದ್ದೆ, ಭಾಗಿ ಮಣ್ಣಿನ ಮೇಲಿದ್ದಳು, ಚೆಂಡು ಎಲ್ಲೋ ಹೋಗಿತ್ತು. ನನ್ನ ಪಕ್ಕೆಯಲ್ಲಿ ಅಂಜುಮ್‌ಳ ಬೂಟಿನ ಹಲ್ಲು ಒಂದು ಗೀರು ಬಿಟ್ಟಿತ್ತು.

"ಏ ಛೋಟಿ!" ಅಂಜುಮ್ ಕೈಕೊಟ್ಟು ಎಬ್ಬಿಸಿದಳು. "ಬಾಲ್ ಏನ್ ಮದಿವಿ ಮಾಡ್ಕೊಂಡೀಯೇನ? ಬಂತಂದ್ರ ಬಿಡಬೇಕ!"

ಎಲ್ಲರೂ ನಕ್ಕರು. ಅಂದಿನಿಂದ ಭಾಗಿಯ ಹೆಸರು ಆ ಕಡೆ ಛೋಟಿ ಎಂದೇ ಆಯಿತು.

ಬಹಳ ದಿನ ಹೆದರಿಕೆ ನನ್ನೊಳಗೆ ಬೆವರಾಗಿ ತುಂಬಿಕೊಳ್ಳುತ್ತಿತ್ತು. ದೊಡ್ಡ ಹುಡುಗಿ ಓಡಿ ಬರುವ ಸದ್ದು ಕೇಳಿದರೆ ಭಾಗಿಯ ಬೆರಳುಗಳು ಮಡಚಿಕೊಳ್ಳುತ್ತಿದ್ದವು. ಒಂದು ಉಗುರು ಕಪ್ಪಾಯಿತು. ಮನೆಯಲ್ಲಿ ಕಸ್ತೂರಿ ಬಟ್ಟೆಯ ಗಂಟಿನಲ್ಲಿ ಉಪ್ಪು ಕಟ್ಟಿ ಹಂಚಿನ ಮೇಲೆ ಬಿಸಿ ಮಾಡಿ ಹಿಮ್ಮಡಿಗೆ ಶಾಖ ಕೊಡುತ್ತಿದ್ದಳು. ನಾವಿಬ್ಬರೂ ಬಾಗಿಲ ಬಳಿ ಒದ್ದೆಯಾಗಿ ಕುಳಿತು ನೋಡುತ್ತಿದ್ದೆವು.

"ಖರೇ ಹೇಳು. ಅಲ್ಲಿ ಆಡಬೇಕಂತ ನಿನಗ ಅನಸ್ತೈತೇನು?"

"ಮಿಸ್ ನನ್ನನ್ನಷ್ಟ ಆರಿಸ್ಯಾರ ಅಂದ್ರ ನನ್ನ ಆಟ ಚೊಲೋ ಐತಿ ಅಂತ, ಅಲ್ಲೇನವಾ?"

"ನಾ ಕೇಳಿದ್ದು ಅದಲ್ಲ."

ಭಾಗಿ ಕಾಲು ಎಳೆದುಕೊಂಡಳು. "ಬಿಸಿ ಭಾಳ ಆತು," ಅಂದಳು.

ಆದರೆ ಸುಳ್ಳು ಹೇಳಬಾರದು, ಅವಳು ಕಲಿತಳು. ಇದನ್ನು ನಾನು ಗೋಡೆಗೆ ಒರಗಿ ನಿಂತವರಿಗಿಂತ ಚೆನ್ನಾಗಿ ಹೇಳಬಲ್ಲೆ. ಪೆಟ್ಟು ತಪ್ಪಿಸಿಕೊಳ್ಳಲು ಬೇಗ ಬಿಡಬೇಕು, ಬೇಗ ಬಿಡಲು ಮೊದಲೇ ನೋಡಿರಬೇಕು. ಚೆಂಡು ನನಗೆ ತಾಗುವ ಮುಂಚೆಯೇ ಅದು ಎಲ್ಲಿಗೆ ಹೋಗಬೇಕೆಂದು ಅವಳ ಪಾದಕ್ಕೆ ತಿಳಿದಿರುತ್ತಿತ್ತು. ಮುಂದಿನ ಬೇಸಿಗೆಯ ಹೊತ್ತಿಗೆ ಅವಳಿಗೂ ಅಂಜುಮ್‌ಗೂ ಒಂದು ಹೊಂದಾಣಿಕೆ ಬೆಳೆದಿತ್ತು. ಭಾಗಿ ತಲೆ ಎತ್ತದೆ ಬಲಬದಿಯ ಖಾಲಿ ಜಾಗಕ್ಕೆ ಚೆಂಡು ಕಳಿಸುವಳು. ನೋಡುವವರಿಗೆ ಅಲ್ಲಿ ಯಾರೂ ಇಲ್ಲ. ಚೆಂಡು ಅಲ್ಲಿಗೆ ಮುಟ್ಟುವಷ್ಟರಲ್ಲಿ ಅಂಜುಮ್ ಅಲ್ಲಿರುವಳು. ಗದಗಿನವರ ಮೇಲೆ ಆಡಿದ ಒಂದು ಪಂದ್ಯದಲ್ಲಿ ಹಾಗೇ ಗೋಲಾಯಿತು. ಅಂಜುಮ್ ಓಡಿ ಬಂದು ಭಾಗಿಯನ್ನು ಎತ್ತಿ ಗಿರಗಿರ ತಿರುಗಿಸಿದಳು. "ಎಲ್ಲೆ ಕಲ್ತಿಯೇ ಇದನ್ನ, ಛೋಟಿ!" ನೆಲ ಬಿಟ್ಟು ಗಾಳಿಯಲ್ಲಿ ತೂಗಾಡಿದ್ದು ನನ್ನ ಬಾಳಿನಲ್ಲಿ ಅದೊಂದೇ ಸಲ. ಅವತ್ತು ಕಸ್ತೂರಿಯೂ ಚಪ್ಪಾಳೆ ತಟ್ಟಿದಳು. ತಟ್ಟಿ, ತಾನೇ ಏನೋ ಒಪ್ಪಿಕೊಂಡುಬಿಟ್ಟೆ ಎನ್ನುವಂತೆ ಕೈ ಕೆಳಗಿಳಿಸಿದಳು.

ಅಂಥ ದಿನಗಳು ಮಾತ್ರ ಕಡಿಮೆ. ಹೆಚ್ಚಿನ ಪಂದ್ಯಗಳಲ್ಲಿ ನಾವು ಹೊರಗೆ ಬೆಂಚಿನ ಬಳಿ ಕೂರುತ್ತಿದ್ದೆವು. ಕೊನೆಗೆ ಯಾರಿಗಾದರೂ ದಣಿವಾದರೆ ಕರೆ. ದೊಡ್ಡ ಹುಡುಗಿಯರು ಆಟ ಮುಗಿಸಿ ಗುಂಪಾಗಿ ಕುಳಿತು ಕಾಲೇಜಿನ ಮಾತು, ಯಾವನೋ ಬೈಕಿನವನ ಮಾತು ಆಡುವರು. ಭಾಗಿ ಹತ್ತಿರ ಬಂದರೆ "ಏ, ಛೋಟಿ ಅದಾಳ" ಎಂದು ಮಾತು ನಿಲ್ಲಿಸುವರು. ಕೆಟ್ಟ ಮನಸ್ಸಿನಿಂದಲ್ಲ, ಸಣ್ಣವಳು ಎಂಬ ಕಾಳಜಿಯಿಂದ. ಅವಳು ಸ್ವಲ್ಪ ದೂರ ಕುಳಿತು ನನ್ನ ದಾರ ಬಿಚ್ಚುವಳು, ಕಟ್ಟುವಳು, ಮತ್ತೆ ಬಿಚ್ಚುವಳು.

ಗೆರೆಯ ಆಚೆ ಅವಳ ಓರಗೆಯವರು ಆಡುತ್ತಿದ್ದರು. ಮೊದಮೊದಲು ಚೆಂಡು ಗೆರೆ ದಾಟಿ ಬಂದರೆ "ಭಾಗಿ, ಒದಿಯೇ!" ಎಂದು ಕೂಗುತ್ತಿದ್ದರು. ಆಮೇಲೆ ಅವರೇ ಓಡಿ ಬಂದು ತೆಗೆದುಕೊಂಡು ಹೋಗತೊಡಗಿದರು. ಯಾವ ದಿನ ಅದು ಬದಲಾಯಿತೆಂದು ನನಗೆ ಗೊತ್ತಿಲ್ಲ. ಭಾಗಿಗೆ ಗೊತ್ತಿತ್ತೋ ಏನೋ. ಅವಳ ಬೆರಳುಗಳು ಅರಳಿ ಬಹಳ ಕಾಲವಾಗಿತ್ತು. ನಾನು ಇದನ್ನು ಯಾರಿಗೆ ಹೇಳಲಿ? ಎಡಗಾಲಿನವನಿಗೆ ಹೇಳಿದೆ. ಅವನು ನೆಲಕ್ಕೆ ಊರಿಕೊಂಡೇ ಇದ್ದ.

ವರ್ಷ ತಿರುಗಿ ಡಿಸೆಂಬರ್ ಬಂತು. ಹದಿನಾಲ್ಕರೊಳಗಿನ ಜಿಲ್ಲಾ ತಂಡದ ಆಯ್ಕೆ ಧಾರವಾಡದ ಒಂದು ಮೈದಾನದಲ್ಲಿ. ಭಾಗಿಗೆ ಹದಿಮೂರು. ಅಲ್ಲಿ ಅವಳು ತನ್ನ ವಯಸ್ಸಿನವರ ನಡುವೆಯೇ ಆಡಬೇಕು. ಒಂದು ವರ್ಷ ದೊಡ್ಡವರ ಪೆಟ್ಟು ತಿಂದದ್ದು ಇದಕ್ಕಾಗಿಯೇ ಎಂದು ಮಿಸ್ ಹೇಳಿದ್ದರು. ಭಾಗಿ ಅದನ್ನು ನಂಬಿದ್ದಳು. ಜಿಲ್ಲಾ ತಂಡ ಸೇರಿದರೆ ರಾಜ್ಯದ ಶಿಬಿರ, ಅಲ್ಲಿ ಬೇರೆ ಬೇರೆ ಊರಿನ ತನ್ನಂಥವರೇ ಗೆಳತಿಯರು. ಹಾಸಿಗೆಯಲ್ಲಿ ಕುಳಿತು ತಾಯಿಗೆ ಇದನ್ನೆಲ್ಲ ಹೇಳುವುದನ್ನು ನಾನು ಬಾಗಿಲ ಬಳಿಯಿಂದ ಕೇಳಿದ್ದೆ.

ಆ ಹೊತ್ತಿಗೆ ಮೂತಿಯ ಹತ್ತಿ ತೆಗೆದಾಗಿತ್ತು. ಅವಳ ಪಾದ ನನ್ನೊಳಗೆ ಸರಿಯಾಗಿ ಕೂತಿತ್ತು. ಇನ್ನು ನನ್ನಿಂದ ಅವಳಿಗೆ ತೊಂದರೆಯಿಲ್ಲ ಎಂದು ನನಗೂ ಧೈರ್ಯ.

ಶಾಮಿಯಾನದ ಕೆಳಗೆ ಆಯ್ಕೆಯವರು ಕುಳಿತಿದ್ದರು. ಆಟ ಶುರುವಾಯಿತು. ಚೆಂಡು ಭಾಗಿಗೆ ಬಂತು. ಅವಳು ನೋಡಿಯೇ ಇದ್ದಳು. ನಾನು ಅದನ್ನು ತಟ್ಟಿದೆ. ನನ್ನ ಬಾಳಿನಲ್ಲೇ ಅಷ್ಟು ಚೊಕ್ಕವಾಗಿ ತಟ್ಟಿರಲಿಲ್ಲ. ಚೆಂಡು ಬಲಬದಿಯ ಖಾಲಿ ಜಾಗಕ್ಕೆ ಹೋಯಿತು. ಅಲ್ಲಿ ಯಾರೂ ಇರಲಿಲ್ಲ. ಯಾರೂ ಬರಲೂ ಇಲ್ಲ. ಬಲಬದಿಯ ಹುಡುಗಿ ನಿಂತಲ್ಲೇ ನಿಂತು ಚೆಂಡು ಗೆರೆ ದಾಟಿ ಹೋಗುವುದನ್ನು ನೋಡಿದಳು. ಅವಳಿಗೂ ಹದಿಮೂರು. ಹೀಗೊಂದು ಚೆಂಡು ತನಗಾಗಿ ಬರಬಹುದೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಮತ್ತೊಮ್ಮೆ ಹಾಗೇ ಆಯಿತು. ಇನ್ನೊಮ್ಮೆ ಎಡಬದಿಗೆ. ಶಾಮಿಯಾನದಿಂದ ಒಂದು ದನಿ: "ಹುಡುಗಿ ಬಾಲ್ ಸುಮ್ಮನ ಬಿಟ್ಟಕೊಡ್ತಾಳ ನೋಡ್ರಿ."

ಟಕ್, ಟಕ್ ಎಂದಿತು ವ್ಯಾನಿಟಿ ಬ್ಯಾಗು. ಆಮೇಲೆ ಕಸ್ತೂರಿ ಎಂದೂ ಮಾಡದ ಕೆಲಸ ಮಾಡಿದಳು. ಗೆರೆಯ ತನಕ ಬಂದು ಕೂಗಿದಳು. "ಭಾಗೀ! ನಿನ್ನ ಆಟ ಆಡವಾ! ಮೊದಲಿಂದು!"

ಭಾಗಿ ಕೇಳಿಸಿಕೊಂಡಳು. ಮುಂದಿನ ಚೆಂಡನ್ನು ನನ್ನ ಅಟ್ಟೆಯಡಿ ನಿಲ್ಲಿಸಿದಳು. ನಾನು ಸಿದ್ಧನಿದ್ದೆ, ಒಳಮೈ, ಹೊರಮೈ, ಮೋಸ, ಓಟ, ಎಲ್ಲವೂ ನನಗೆ ನೆನಪಿತ್ತು. ಆದರೆ ಎದುರಿನ ಹುಡುಗಿಯ ಹೆಜ್ಜೆಯ ಸದ್ದು ಕೇಳುತ್ತಲೇ ಅವಳ ಬೆರಳುಗಳು ಮಡಚಿಕೊಂಡವು. ಬಂದವಳು ಹಗುರಾದ ಪುಟ್ಟ ಹುಡುಗಿ, ತಾಗಿದ್ದರೆ ಅವಳೇ ಬೀಳುತ್ತಿದ್ದಳು. ಅದು ಪಾದಕ್ಕೆ ತಿಳಿಯಬೇಕಲ್ಲ. ಒಂದು ವರ್ಷ ಅದು ಕಲಿತದ್ದು ಬಿಡು ಎಂಬ ಒಂದೇ ಪಾಠ. ನಿಲ್ಲಿಸುವುದೋ ಬಿಡುವುದೋ ಎಂಬ ಅನುಮಾನದಲ್ಲಿ ನಾನು ಚೆಂಡಿನ ಮೇಲೆ ಜಾರಿದೆ. ಚೆಂಡು ಹೋಯಿತು.

ಸಂಜೆ ಹೆಸರು ಕರೆದರು. ಭಾಗಿಯ ಹೆಸರು ಕರೆಯಲಿಲ್ಲ. ಬಲಬದಿಯಲ್ಲಿ ನಿಂತೇ ಇದ್ದ ಆ ಹುಡುಗಿಯ ಹೆಸರು ಕರೆದರು. ಭಾಗಿ ಅಳಲಿಲ್ಲ. ನನ್ನ ದಾರ ಬಿಚ್ಚಿದಳು, ಕಟ್ಟಿದಳು.

"ಅಕಿ ಕೊಟ್ಟ ಪಾಸ್ ಎಲ್ಲಾ ಸರಿ ಇದ್ದವು ಅಕ್ಕಾರ," ಅಂದರು ಫಿಲೋಮಿನಾ ಮಿಸ್. ಅವರ ಮುಖವೂ ಕುಂದಿತ್ತು. "ದೇವರಾಣಿ ಸರಿ ಇದ್ದವು."

"ಸರಿ ಇದ್ದವು ಅಂತೀರಿ," ಅಂದಳು ಕಸ್ತೂರಿ. "ಯಾರಿಗೆ ಸರಿ ಇದ್ದವ್ರಿ?"

ಮಿಸ್ ಟವೆಲಿನಿಂದ ಕುತ್ತಿಗೆ ಒರೆಸಿಕೊಂಡರು. ಅವರೇನೂ ಮೋಸ ಮಾಡಿದವರಲ್ಲ. ಒಳ್ಳೆಯದೆಂದೇ ನಂಬಿ ಮಾಡಿದರು. ಒಳ್ಳೆಯದೂ ಆಗಿತ್ತು, ಒಂದು ಲೆಕ್ಕಕ್ಕೆ. ಯಾರ ಮೇಲೆ ಸಿಟ್ಟಾಗಬೇಕೆಂದು ತಿಳಿಯದೆ ಕಸ್ತೂರಿ ಹುಬ್ಬಳ್ಳಿಗೆ ಮರಳುವ ಬಸ್ಸಿನಲ್ಲಿ ನವಲೂರು ದಾಟುವವರೆಗೂ ನಮ್ಮನ್ನೇ ನೋಡುತ್ತ ಕುಳಿತಿದ್ದಳು.

ಸಂಕ್ರಾಂತಿ ಮುಗಿಯುವಷ್ಟರಲ್ಲಿ ಅವಳು ಗಟ್ಟಿ ಮನಸ್ಸು ಮಾಡಿದ್ದಳು. ಮಗಳನ್ನು ಮತ್ತೆ ಸಣ್ಣವರ ಜೊತೆ ಆಡಿಸುವುದು. ಅವಳ ವಯಸ್ಸಿನವರೊಂದಿಗೆ ಒಂದು ವರ್ಷ ನಗುತ್ತ ಆಡಲಿ, ಮುಂದಿನ ಡಿಸೆಂಬರ್‌ಗೆ ಮತ್ತೆ ಆಯ್ಕೆಗೆ ಹೋಗಲಿ. ಭಾಗಿಯನ್ನು ಕೇಳಿದಳು. ಭಾಗಿ "ಹೂಂ" ಅಂದಳು. ಅವತ್ತು ನನ್ನನ್ನು ತೊಡುವಾಗ ಅವಳಿಗೆ ನೋವಾಯಿತು. ಚಳಿಗಾಲದೊಳಗೆ ಪಾದ ಬೆಳೆದುಬಿಟ್ಟಿತ್ತು. ನಾನು ಎಷ್ಟು ಸಡಿಲವಾದರೂ ಹಿಮ್ಮಡಿ ಒಳಗೆ ಇಳಿಯಲಿಲ್ಲ. ಕಸ್ತೂರಿ ನಮ್ಮನ್ನು ಚೀಲಕ್ಕೆ ಹಾಕಿಕೊಂಡು ಮಗಳನ್ನು ಚಪ್ಪಲಿಯಲ್ಲೇ ಮೈದಾನಕ್ಕೆ ಕರೆತಂದಳು.

ಅವಳು ಮನೆಯಿಂದಲೇ ಜೋಡಿಸಿಕೊಂಡು ಬಂದಿದ್ದ ಮಾತನ್ನೆಲ್ಲ ಹೇಳಿದಳು. ಮಿಸ್ ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದರು.

"ನೀವು ಹೇಳಿದ್ದು ಖರೆ ಅಕ್ಕಾರ. ನನಗೂ ಹಂಗ ಅನಿಸೇತಿ. ಆದ್ರ ಅಕಿ ಇನ್ನ ಹದಿನಾಲ್ಕರೊಳಗ ಬರೂದಿಲ್ಲ."

"ಯಾಕ್ರಿ? ಅಕಿಗೆ ಹದಿನಾಲ್ಕು ತುಂಬೂದು ಶ್ರಾವಣದಾಗ. ಇನ್ನೂ ಏಳು ತಿಂಗಳ ಐತಿ!"

"ಹುಟ್ಟಿದ ವರ್ಷ ಅಷ್ಟ ನೋಡ್ತಾರ್ರಿ, ತಿಂಗಳ ನೋಡೂದಿಲ್ಲ. ಈ ವರ್ಷದಾಗ ಹದಿನಾಲ್ಕು ತುಂಬೂದಿದ್ರ, ಜನವರಿ ಒಂದು ಬಂತು, ಮುಗೀತು. ಹೋದ ತಿಂಗಳದ್ದ ಅಕಿದು ಕಡೀ ಆಯ್ಕಿ ಆಗಿತ್ತು. ನಿಮಗೂ ಗೊತ್ತೈತಿ ಅಂತ ನಾ ತಿಳ್ಕೊಂಡಿದ್ದೆ."

ಕಸ್ತೂರಿ ಮಗಳ ಜ್ವರ, ಮಗಳ ಉಗುರು, ಮಗಳು ಮನೆಗೆ ಬರುವ ಹೊತ್ತು, ಎಲ್ಲದರ ಮೇಲೂ ಕಣ್ಣಿಟ್ಟವಳು. ಕ್ಯಾಲೆಂಡರಿನ ಮೇಲೆ ಕಣ್ಣಿಡಬೇಕೆಂದು ಅವಳಿಗೆ ಹೊಳೆದಿರಲಿಲ್ಲ.

"ಹಂಗಾದ್ರ ನಾ ಎಲ್ಲಿ ಆಡ್ಲಿ ಮಿಸ್?" ಕೇಳಿದಳು ಭಾಗಿ.

"ಅಲ್ಲೇ." ಮಿಸ್ ಗೆರೆಯ ಆ ಬದಿ ತೋರಿಸಿದರು. "ಈಗ ಅದು ನಿಂದ ಟೀಮು. ಈಗ ನೀನು ಅಲ್ಲಿ ಛೋಟಿ ಅಲ್ಲ."

"ಅಂಜುಮ್ ಅಕ್ಕ?"

"ಅಕಿ ವಯಸ್ಸೂ ದಾಟಿತಲ್ಲವಾ. ಇನ್ನ ಬರೂದಿಲ್ಲ."

ಭಾಗಿ ತಾಯಿಯ ಮುಖ ನೋಡಿದಳು. ಯಾವಾಗಲೂ ಏನಾದರೊಂದು ಹೇಳುವ ತಾಯಿ. "ಏನ್ ಮಾಡ್ಲಿ ಯವ್ವಾ?" ಎಂದಳು.

"ನನಗ ತಿಳೀವಲ್ದು ಭಾಗಿ," ಅಂದಳು ಕಸ್ತೂರಿ. "ಖರೇನ ತಿಳೀವಲ್ದು."

ಮಿಸ್ ಮೈದಾನದಂಚಿನ ಸಾಮಾನಿನ ಕಪಾಟು ತೆರೆದು ಒಂದು ಹಳೆಯ ಆರನೇ ನಂಬರಿನ ಜೋಡಿ ಭಾಗಿಗೆ ಕೊಟ್ಟರು. ಅದು ಸರಿಯಾಗಿ ಕೂತಿತು. ಕಪಾಟಿನಲ್ಲಿ ಅದು ಇದ್ದ ಜಾಗದಲ್ಲಿ ನಮ್ಮಿಬ್ಬರನ್ನು ಇಟ್ಟರು. ಭಾಗಿ ಗೆರೆ ದಾಟಿ ಬಲಬದಿಯ ತನಕ ನಡೆದು ಹೋಗಿ, ಅಲ್ಲಿ ಸ್ವಲ್ಪ ಹೊತ್ತು ನಿಂತಳು. ಅಷ್ಟರಲ್ಲಿ ಕಪಾಟಿನ ಬಾಗಿಲು ಮುಚ್ಚಿತು.

ಈಗ ನಾವು ಇಲ್ಲೇ ಇದ್ದೇವೆ. ಯಾರದೋ ಬೂಟು ಹರಿದ ದಿನ ಒಂದು ಸಂಜೆಯ ಮಟ್ಟಿಗೆ ಯಾವುದೋ ಪಾದ ಒಳಗೆ ಬರುತ್ತದೆ, ಹೋಗುತ್ತದೆ. ನನ್ನ ಮೂತಿ ಬಾಯಿ ಬಿಟ್ಟಿದೆ, ಅಟ್ಟೆಯ ಹಲ್ಲು ಸವೆದು ಮೊಂಡಾಗಿದೆ. ದೊಡ್ಡವರ ಜೊತೆ ಆಡಿದ್ದರಿಂದ ಭಾಗಿಗೆ ಒಳ್ಳೆಯದಾಯಿತೇ ಎಂದು ನೀವು ಕೇಳಬಹುದು. ಅವಳ ಪಾದಕ್ಕೆ ಆಯಿತು ಎನ್ನುತ್ತೇನೆ. ಪಾದದ ಮೇಲೆ ಇಡೀ ಒಂದು ಹುಡುಗಿ ಇದ್ದಳು. ಅಷ್ಟು ಎತ್ತರದವರೆಗೆ ನನಗೆ ಕಾಣುತ್ತಿರಲಿಲ್ಲ.

ಸಂಜೆಯಾದರೆ ಹೊರಗೆ ಚೆಂಡು ಒದೆಯುವ ಸದ್ದು ಕೇಳುತ್ತದೆ. ಸದ್ದಿನಿಂದಲೇ ಅದು ಒಳ್ಳೆಯ ಪಾಸೋ ಅಲ್ಲವೋ ನಾನು ಹೇಳಬಲ್ಲೆ. ಕೆಲವು ಸಲ ಒಂದು ಬಹಳ ಚೊಕ್ಕವಾದ ಸದ್ದು ಬರುತ್ತದೆ, ಆಮೇಲೆ ಎಲ್ಲ ಸುಮ್ಮನಾಗುತ್ತದೆ. ಚೆಂಡು ಯಾರಿಗಾದರೂ ಸಿಕ್ಕಿತೇ ಎಂಬುದು ಕಪಾಟಿನೊಳಗಿಂದ ತಿಳಿಯುವುದಿಲ್ಲ.